ಮಾಂಸದಂಗಡಿಯ ಹಿಂದೆ ಹುಟ್ಟಿದ ಕಾರು

ಸೌತ್ ವೇಲ್ಸ್‌ನ ಚರ್ಚ್ ವಿಲೇಜ್ ಎಂಬ ಪುಟ್ಟ ಊರಿನಲ್ಲಿ ಜೈಲ್ಸ್ ಸ್ಮಿತ್ ಮಾಂಸದ ವ್ಯಾಪಾರ ಮಾಡುತ್ತಿದ್ದ. ಅವನಿಗೆ ಸ್ವಂತ ಕೈಯಿಂದ ಒಂದು ಕಾರು ಕಟ್ಟುವ ಹುಚ್ಚು. ಬರ್ನಾರ್ಡ್ ಫ್ರೀಸೆ ಜರ್ಮನಿಯವನು, ಯುದ್ಧಕೈದಿಯಾಗಿ ಬ್ರಿಟನ್ನಿಗೆ ಬಂದು ಅಲ್ಲೇ ಉಳಿದವನು. ಅವನಿಗೆ ಫೈಬರ್‌ಗ್ಲಾಸ್ ಕೆಲಸ ಗೊತ್ತಿತ್ತು. ಇಬ್ಬರೂ ಸೇರಿ ಅಂಗಡಿಯ ಹಿಂದಿನ ಜಾಗದಲ್ಲೇ ಒಂದು ಕಾರು ಮಾಡಿದರು. 1959ರಲ್ಲಿ ಅದು 'ಗಿಲ್ಬರ್ನ್ ಜಿಟಿ' ಆಗಿ ಮಾರಾಟಕ್ಕೆ ಬಂತು. ಹೆಸರಿನಲ್ಲಿ ಇಬ್ಬರೂ ಇದ್ದಾರೆ. ಆದರೆ ಇಂಗ್ಲಿಷ್‌ನಲ್ಲಿ ಬರೆದು ನೋಡಿದರೆ ಮಾತ್ರ ಗೊತ್ತಾಗುತ್ತೆ: Giles-ನ Gil, Bernard-ನ Bern!

ಮಾಂಸದಂಗಡಿಯವನು ಕಾರು ಮಾಡೋದು ಹೇಗೆ ಸಾಧ್ಯವಾಯಿತು? ಉಕ್ಕಿನ ತಗಡಿನ ಬಾಡಿ ಮಾಡಲು ದೈತ್ಯ ಪ್ರೆಸ್, ತಗಡನ್ನು ಒತ್ತಿ ಆಕಾರ ಕೊಡುವ ದುಬಾರಿ ಡೈ ಬೇಕು. ಸಾವಿರಾರು ಕಾರು ಮಾರಿದರೆ ಮಾತ್ರ ಆ ಖರ್ಚು ಗಿಟ್ಟುತ್ತದೆ. ಫೈಬರ್‌ಗ್ಲಾಸ್‌ಗೆ ಒಂದು ಅಚ್ಚು, ಒಂದು ಬ್ರಷ್, ಒಂದು ರೋಲರ್ ಸಾಕು.

ಅಚ್ಚಿನ ಒಳಮೈಗೆ ಮೊದಲು ಮೇಣ ಉಜ್ಜುತ್ತಾರೆ, ಇಲ್ಲದಿದ್ದರೆ ಬಾಡಿ ಬಿಡಿಸಲು ಬರಲ್ಲ. ಅದರ ಮೇಲೆ ಜೆಲ್ ಕೋಟ್, ಅಂದರೆ ಕೊನೆಗೆ ಬಾಡಿಯ ಹೊರಮೈ ಆಗುವ ನುಣುಪು ಪದರ. ಆಮೇಲೆ ಗಾಜಿನ ಎಳೆಗಳ ಚಾಪೆ ಹಾಸಿ, ಜೇನಿನಂಥ ಪಾಲಿಯೆಸ್ಟರ್ ರೆಸಿನ್ ಬಳಿಯುತ್ತಾರೆ. ರೆಸಿನ್‌ಗೆ ಶೇ. 1-2ರಷ್ಟು ಗಟ್ಟಿಕಾರಕ ಬೆರೆಸಿದರೆ ಉದ್ದುದ್ದ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬಲೆಯಾಗುತ್ತವೆ. ಆಗ ಬಿಸಿಯೂ ಹುಟ್ಟುತ್ತದೆ. ಗಟ್ಟಿಕಾರಕ ಜಾಸ್ತಿಯಾದರೆ ಮೈ ಕಾದು ಬಿರುಕು ಬಿಡಬಹುದು. ಚಾಪೆಯೊಳಗೆ ಉಳಿದ ಗಾಳಿಗುಳ್ಳೆ ಕಾರಿನ ಬಾಡಿಯ ಶತ್ರು, ಅದನ್ನು ಒತ್ತಿ ಹೊರಹಾಕೋಕೇ ರೋಲರ್. ಎಳೆತ ತಡೆಯೋದು ಗಾಜು, ಗಾಜನ್ನು ಹಿಡಿದಿಡೋದು ರೆಸಿನ್.

ಇನ್ನು ತೆರಿಗೆಯ ಮಾತು. ಆಗ ಬ್ರಿಟನ್ನಿನಲ್ಲಿ ಹೊಸ ಕಾರಿನ ಮೇಲೆ ಪರ್ಚೇಸ್ ಟ್ಯಾಕ್ಸ್ ಇತ್ತು. 1959ರಲ್ಲಿ ಅದು ಸಗಟು ಬೆಲೆಯ ಅರ್ಧದಷ್ಟು! ಬಿಡಿಭಾಗಗಳನ್ನು ಕೊಂಡು ನೀವೇ ಜೋಡಿಸಿಕೊಂಡರೆ ಆ ತೆರಿಗೆ ಇಲ್ಲ. ಅದಕ್ಕೇ ಗಿಲ್ಬರ್ನ್ ಕಾರನ್ನು ಮನೆಯಲ್ಲೇ ಜೋಡಿಸಿಕೊಳ್ಳುವ ಕಿಟ್ ಆಗಿ ಮಾರುತ್ತಿದ್ದರು. ಈ ಕಿಟ್ ಅಂದರೆ ನಟ್ಟು ಬೋಲ್ಟುಗಳ ಮೂಟೆಯಲ್ಲ. ಬಣ್ಣ ಬಳಿದು, ಸೀಟು ಹೊಲಿದು, ವೈರಿಂಗ್ ಎಳೆದ ಬಾಡಿಯೇ ಮನೆಗೆ ಬರುತ್ತಿತ್ತು. ಎಂಜಿನ್, ಆಕ್ಸಲ್, ಚಕ್ರ ಹಾಕಿದರೆ ಆಯ್ತು. ನನ್ನ ಲೆಕ್ಕದಲ್ಲಿ, ಈ ಕಾರಿಗೆ ರೆಸಿನ್‌ನಷ್ಟೇ ತೆರಿಗೆ ಇಲಾಖೆಯೂ ಕಚ್ಚಾವಸ್ತು.

1973ರ ಏಪ್ರಿಲ್‌ನಲ್ಲಿ ಪರ್ಚೇಸ್ ಟ್ಯಾಕ್ಸ್ ಹೋಗಿ, ಬಿಡಿಭಾಗಗಳ ಮೇಲೂ ಬೀಳುವ ವ್ಯಾಟ್ ತೆರಿಗೆ ಬಂತು, ಕಿಟ್‌ನ ಲಾಭವೂ ಹೋಯಿತು. ಮರುವರ್ಷ ಗಿಲ್ಬರ್ನ್ ಬಾಗಿಲು ಮುಚ್ಚಿತು. ಅಷ್ಟರಲ್ಲಿ ಸಾವಿರದ ಆಸುಪಾಸು ಕಾರು ಮಾಡಿದ್ದರು. ಫೈಬರ್‌ಗ್ಲಾಸ್‌ಗೆ ತುಕ್ಕು ಹಿಡಿಯಲ್ಲ, ನಿಜ. ಆದರೆ ಅದರಡಿಯ ಚಾಸಿ, ಅಂದರೆ ಕಾರಿನ ಭಾರ ಹೊರುವ ಹಂದರ, ಉಕ್ಕಿನ ಕೊಳವೆಯದು. ಹಾಗಾಗಿ ಹಳೇ ಗಿಲ್ಬರ್ನ್ ಕೊಳ್ಳಲು ಹೋದವರು ಹೊಳೆಯುವ ಬಾಡಿ ಬಿಟ್ಟು, ಮೊದಲು ನೆಲಕ್ಕೆ ಬಗ್ಗಿ ಕೊಳವೆಗಳನ್ನೇ ನೋಡಬೇಕು.