ಪರಾಗದ ದೀರ್ಘಕಾಲೀನ ಸಂಗ್ರಹ: ಶೀತಕ್ಕಿಂತ ಮೊದಲು ತೇವಾಂಶ

ಒಂದು ತಳಿ ಹೂ ಬಿಟ್ಟು ಮುಗಿಸುವ ಹೊತ್ತಿಗೆ ಇನ್ನೊಂದರಲ್ಲಿ ಮೊಗ್ಗೇ ಮೂಡಿರದಿದ್ದರೆ, ಅವೆರಡರ ನಡುವೆ ಸಂಕರಣ ನಡೆಸಲು ಮೊದಲನೆಯದರ ಪರಾಗವನ್ನು ಜೀವಂತವಾಗಿ ಕಾಪಿಡಬೇಕಾಗುತ್ತದೆ. ಈ ವಿಷಯ ಓದುವಾಗ ಪರಾಗವನ್ನು ಇಳಿಸಿಡುವ ದ್ರವ ಸಾರಜನಕದ −196 ಡಿಗ್ರಿ ಸೆಲ್ಸಿಯಸ್ ಎಲ್ಲರ ಗಮನ ಸೆಳೆಯುತ್ತದೆ. ಆದರೆ ಪರಾಗ ಉಳಿಯುವುದೋ ಸಾಯುವುದೋ ಎಂಬುದು ಬಹುಮಟ್ಟಿಗೆ ಅದಕ್ಕೂ ಮೊದಲೇ, ರೇಣುವಿನ (ಪರಾಗದ ಒಂದೊಂದು ಕಣದ) ಒಳಗಿನ ನೀರಿನ ಪ್ರಮಾಣದಿಂದ ತೀರ್ಮಾನವಾಗಿರುತ್ತದೆ ಎಂಬುದನ್ನು ಮನದಟ್ಟು ಮಾಡಿಕೊಳ್ಳಬೇಕು.

ನೀರು ಹೆಚ್ಚಿದ್ದರೆ ಅದು ಹೆಪ್ಪುಗಟ್ಟಿ, ಹಿಮದ ಹರಳುಗಳು ಕೋಶಪೊರೆಯನ್ನು ಸೀಳುತ್ತವೆ. ತಕ್ಕಷ್ಟು ಒಣಗಿದ ರೇಣುವಿನಲ್ಲಿ ಹರಳಾಗುವಷ್ಟು ನೀರೇ ಇರುವುದಿಲ್ಲ. ಟೊಮೆಟೊ, ಸೇಬುಗಳಂತೆ ಎರಡು ಕೋಶಗಳ ಹಂತದಲ್ಲೇ ಹೊರಬರುವ ಪರಾಗವು ಸಾಮಾನ್ಯವಾಗಿ ಈ ಒಣಗುವಿಕೆಯನ್ನು ತಾಳಿಕೊಳ್ಳುತ್ತದೆ. ಮೂರು ಕೋಶಗಳ ಹಂತ ತಲುಪಿ ಹೊರಬರುವ ಹುಲ್ಲಿನ ಕುಟುಂಬದ ಪರಾಗಕ್ಕೆ ಆ ಶಕ್ತಿ ಕಡಿಮೆ: ಭತ್ತದ ಪರಾಗವು ಗಾಳಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಮೊಳೆಯುವ ಸಾಮರ್ಥ್ಯ ಕಳೆದುಕೊಳ್ಳುತ್ತದೆ, ಮುಸುಕಿನ ಜೋಳದ ತಾಜಾ ಪರಾಗದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ. ಹಾಗೆಂದು ಇದನ್ನು ಕಟ್ಟುನಿಟ್ಟಿನ ನಿಯಮವೆಂದು ಭಾವಿಸಬಾರದು. ಮುಸುಕಿನ ಜೋಳದ ಪರಾಗವನ್ನೂ ಎಚ್ಚರಿಕೆಯಿಂದ ಭಾಗಶಃ ಒಣಗಿಸಿ ದ್ರವ ಸಾರಜನಕದಲ್ಲಿ ಉಳಿಸಿದ್ದುಂಟು.

ಕೆಲಸದ ಕ್ರಮ ಸರಳ. ಬಿರಿಯಲಿರುವ ಪರಾಗಕೋಶಗಳನ್ನು (ಹೂವಿನಲ್ಲಿ ಪರಾಗ ತುಂಬಿರುವ ಚೀಲಗಳನ್ನು) ಬಿಡಿಸಿ ಕಾಗದದ ಮೇಲೆ ಹರಡಿದರೆ ಅವು ಒಣಗುತ್ತಾ ಬಾಯಿಬಿಟ್ಟು ನುಣುಪಾದ ಪುಡಿಯನ್ನು ಉದುರಿಸುತ್ತವೆ. ಅದನ್ನು ಜರಡಿ ಹಿಡಿದು, ತೇವ ಹೀರುವ ಸಿಲಿಕಾ ಜೆಲ್ ಇರುವ ಮುಚ್ಚಿದ ಪಾತ್ರೆಯಲ್ಲಿ ಒಣಗಿಸಿ, ಗಾಳಿಯಾಡದ ಸಣ್ಣ ಸೀಸೆಗಳಲ್ಲಿ ತುಂಬಿ ಶೀತಕ್ಕೆ ಇಳಿಸಬೇಕು.

ಹೊರತೆಗೆದ ಮೇಲಿನ ಪರೀಕ್ಷೆಯನ್ನು ನಾವು ಇನ್ನಷ್ಟು ಜಾಗರೂಕತೆಯಿಂದ ಕಲಿಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಬಣ್ಣ ಹಿಡಿಯಿತೆಂದ ಮಾತ್ರಕ್ಕೆ ರೇಣು ಜೀವಂತವಾಗಿದೆ ಎನ್ನಲಾಗದು, ಏಕೆಂದರೆ ಅಸಿಟೋಕಾರ್ಮಿನ್ ಎಂಬ ಬಣ್ಣ ಸತ್ತ ರೇಣುವಿನ ಒಡಲಿಗೂ ಅಂಟುತ್ತದೆ. ಸಕ್ಕರೆ, ಬೋರಿಕ್ ಆಮ್ಲ ಮತ್ತು ಕ್ಯಾಲ್ಸಿಯಂ ಇರುವ ದ್ರಾವಣದಲ್ಲಿ ಮೊಳೆಯಿಸಿ, ರೇಣುವಿನಿಂದ ಹೊರಡುವ ಕೊಳವೆಯಾದ ಪರಾಗನಳಿಕೆ ಆ ರೇಣುವಿನ ವ್ಯಾಸವನ್ನು ಮೀರಿ ಬೆಳೆದಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುವುದು ಹೆಚ್ಚು ನಂಬಲರ್ಹ. ಇಲ್ಲಿಯೂ ಒಂದು ಅಪಾಯವಿದೆ: ಒಣ ರೇಣುವನ್ನು ನೇರವಾಗಿ ದ್ರಾವಣಕ್ಕೆ ಹಾಕಿದರೆ ನೀರು ಒಮ್ಮೆಲೇ ನುಗ್ಗಿ, ಇನ್ನೂ ಸರಿಹೊಂದದ ಪೊರೆಯ ಮೂಲಕ ಒಳಗಿನ ಅಂಶಗಳು ಸೋರಿಹೋಗುತ್ತವೆ, ಚೆನ್ನಾಗಿ ಉಳಿದಿದ್ದ ಪರಾಗವೂ ಸತ್ತಂತೆಯೇ ಕಾಣುತ್ತದೆ. ಆದುದರಿಂದ ಮೊದಲು ತೇವಭರಿತ ಗಾಳಿಯಲ್ಲಿ ಸ್ವಲ್ಪ ಹೊತ್ತು ಇಟ್ಟು ನಿಧಾನವಾಗಿ ನೀರುಣಿಸಬೇಕು. ಅಂತಿಮ ಪರೀಕ್ಷೆ ಹೂವಿನಲ್ಲಿ ಪರಾಗ ಸ್ವೀಕರಿಸುವ ತುದಿಯಾದ ಶಲಾಕಾಗ್ರದ ಮೇಲೆಯೇ ನಡೆಯುತ್ತದೆ. ಕಾಯಿ ಕಚ್ಚಿ, ಅದರಲ್ಲಿ ಮೊಳೆಯುವ ಬೀಜ ತುಂಬಬೇಕು.