‘ಕಳಿತ’ ಗೊಬ್ಬರ ಅಂದರೆ ಯಾವುದು?

ನರ್ಸರಿಯವರು ಹೇಳುವುದು, ಕೃಷಿ ಕೈಪಿಡಿಗಳಲ್ಲಿ ಬರೆದಿರುವುದು ಒಂದೇ ಮಾತು: ‘ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹಾಕಿ.’ ಗೊಬ್ಬರ ಎಲ್ಲರಿಗೂ ಗೊತ್ತು. ಆದರೆ ‘ಕಳಿತ’ ಅನ್ನುವ ಪದವನ್ನು ಸುಮ್ನೆ ಓದಿ ಮುಂದೆ ಹೋಗುತ್ತೇವೆ. ಕೈತೋಟದ ಎಷ್ಟೋ ಗಿಡಗಳು ಸೊರಗುವುದು ಇದೇ ಕಾರಣಕ್ಕೆ.

ಬಾಳೆಹಣ್ಣು ಕಳಿತಿದೆ ಅಂತೀವಲ್ಲ, ಅದೇ ಪದ ಇದು. ಪೂರ್ತಿ ಮಾಗಿದ್ದು ಅಂತ ಅರ್ಥ. ಕೊಳೆಯುವುದು ಇನ್ನೂ ನಡೆಯುತ್ತಿರುವ ಕೆಲಸ, ಕಳಿತದ್ದು ಮುಗಿದ ಕೆಲಸ. ಸೂಕ್ಷ್ಮಜೀವಿಗಳು ತಮ್ಮ ಊಟ ಮುಗಿಸಿರಬೇಕು, ರಾಶಿಯ ಕಾವು ಆರಿರಬೇಕು, ಯಾವುದು ಸಿಪ್ಪೆ ಯಾವುದು ಎಲೆ ಅಂತ ಗುರುತು ಸಿಗಬಾರದು.

ಅರೆಬರೆ ಕಳಿತದ್ದು ಹಾಕಿದರೆ ಏನಾಗುತ್ತದೆ? ತರಗೆಲೆಯಲ್ಲಿ ಇಂಗಾಲ ಜಾಸ್ತಿ, ತರಕಾರಿ ಸಿಪ್ಪೆಯಲ್ಲಿ ಸಾರಜನಕ ಜಾಸ್ತಿ. ಶುರುವಿನಲ್ಲಿ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇದ್ದರೆ ರಾಶಿ ಚೆನ್ನಾಗಿ ಕೆಲಸ ಮಾಡುತ್ತದೆ. ಕಳಿಯುತ್ತಾ ಬಹಳಷ್ಟು ಇಂಗಾಲ ಗಾಳಿಗೆ ಸೇರುತ್ತದೆ, ರಾಶಿಯೂ ಕುಗ್ಗುತ್ತದೆ. ಇಂಗಾಲ ಇನ್ನೂ ತುಂಬಿರುವಾಗಲೇ ಅದನ್ನು ಕುಂಡಕ್ಕೆ ಸುರಿದರೆ, ಸೂಕ್ಷ್ಮಜೀವಿಗಳು ಉಳಿದ ಊಟಕ್ಕೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ. ಗಿಡಕ್ಕೆ ಉಪವಾಸ.

ನನ್ನ ಟೊಮೆಟೊ ಗಿಡಕ್ಕೆ ಹೀಗೇ ಆಗಿತ್ತು. ಕೆಳಗಿನ ಎಲೆಗಳು ಒಂದೊಂದಾಗಿ ಹಳದಿಯಾದವು. ಹಸಿವಾಗಿರಬೇಕು ಅಂತ ಅದೇ ಗೊಬ್ಬರವನ್ನು ಇನ್ನೆರಡು ಬೊಗಸೆ ಹಾಕಿದೆ. ಕೊನೆಗೆ ಬೇರಿನ ಪಕ್ಕ ಕೆದಕಿ ನೋಡಿದರೆ ಹಲಸಿನ ಎಲೆಗಳ ನರ ಕೂಡ ಹಾಗೇ ಇತ್ತು.

ಹಸಿ ಸಗಣಿಯದು ಇನ್ನೊಂದು ತೊಂದರೆ. ಅದರ ಕಾವಿಗೆ ಎಳೆ ಬೇರು ಸುಡುತ್ತದೆ, ಜೊತೆಗೆ ಗೊಣ್ಣೆಹುಳು ಬರುತ್ತದೆ. ಕಡಲೆಕಾಯಿ ಹಿಂಡಿಯನ್ನೂ ನೇರವಾಗಿ ಬುಡಕ್ಕೆ ಹಾಕದೆ, ನೆನೆಸಿ, ತೆಳುವಾಗಿ ಮಾಡಿ ಕೊಡುವುದು ವಾಸಿ.

ಕಳಿತಿದೆಯಾ ಅಂತ ತಿಳಿಯಲು ಮೊದಲು ಮೂಗನ್ನೇ ನಂಬಿ. ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು. ಹುಳಿ ವಾಸನೆ, ಅಮೋನಿಯದ ಘಾಟು ಬಂದರೆ ಇನ್ನೂ ಕಾಯಬೇಕು. ಅನುಮಾನ ಇದ್ದರೆ ಒಂದು ಹಿಡಿ ಒದ್ದೆ ಗೊಬ್ಬರವನ್ನು ಕವರಿನಲ್ಲಿ ಕಟ್ಟಿ ಮೂರು ದಿನ ಇಡಿ. ಬಿಚ್ಚಿದಾಗ ನಾರಿದರೆ ಆಗಿಲ್ಲ ಅಂತಲೇ. ನನಗೆ ಹೆಚ್ಚು ನಂಬಿಕೆ ಇರುವುದು ಸಾಸಿವೆಯ ಮೇಲೆ. ಅರ್ಧ ಮಣ್ಣು, ಅರ್ಧ ಗೊಬ್ಬರ ಬೆರೆಸಿ ಹತ್ತು ಕಾಳು ಬಿತ್ತುತ್ತೇನೆ. ಬರೀ ಮಣ್ಣಲ್ಲೂ ಹತ್ತು ಕಾಳು. ಎರಡೂ ಕಡೆ ಒಂದೇ ಥರ ಮೊಳೆತರೆ ಮಾತ್ರ ಬದನೆ ಸಸಿಗೆ ಕೊಡುತ್ತೇನೆ.

ಎಷ್ಟು ದಿನ ಬೇಕು ಅನ್ನುವುದು ಗಾಳಿಯ ಮೇಲೆ ನಿಂತಿದೆ. ವಾರಕ್ಕೊಮ್ಮೆ ಮಗುಚಿ, ಹಿಂಡಿದರೆ ಒಂದೆರಡು ಹನಿಯಷ್ಟೇ ಬರುವಂತೆ ಪಸೆ ಕಾಪಾಡಿದರೆ ಮನೆಯ ಡ್ರಮ್ಮಿನಲ್ಲಿ ಮೂರು ತಿಂಗಳ ಆಸುಪಾಸು. ಮಗುಚದೆಯೂ ಮಾಡಬಹುದು. 1939ರ ಸುಮಾರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಅವರು ರೂಪಿಸಿದ ‘ಬೆಂಗಳೂರು ವಿಧಾನ’ ಅಂಥದ್ದು. ಗುಂಡಿಗೆ ಪದರ ಪದರವಾಗಿ ಕಸ ತುಂಬಿ, ಮೇಲೆ ಮಣ್ಣು ಮೆತ್ತಿ ಬಿಟ್ಟುಬಿಡುವುದು. ಕಳಿಯಲು ಆರರಿಂದ ಎಂಟು ತಿಂಗಳು ಬೇಕು.

ಜರಡಿ ಹಿಡಿದಾಗ ಮಾವಿನ ಗೊರಟೆ, ಕಡ್ಡಿ, ಮೊಟ್ಟೆ ಚಿಪ್ಪಿನ ಚೂರು ಉಳಿಯುತ್ತವೆ. ಎಸೆಯಬೇಡಿ. ಅವಕ್ಕೆ ಸೂಕ್ಷ್ಮಜೀವಿಗಳು ಅಂಟಿಕೊಂಡಿರುತ್ತವೆ. ಹೊಸ ಕಸದ ನಡುವೆ ಹಾಕಿದರೆ ಹಾಲಿಗೆ ಹೆಪ್ಪು ಹಾಕಿದ ಹಾಗೆ ಕೆಲಸ ಮಾಡುತ್ತವೆ.