ಚುಕ್ಕೆ ನಾಯಿಯ ಮೂತ್ರದ ಕಲ್ಲು

ಮಂಡ್ಯದ ಕಡೆ ನಾಯಿಗೆ ಮೂತ್ರದಲ್ಲಿ ಕಲ್ಲಾಯಿತೆಂದರೆ ಮೊದಲ ದೂರು ಬೋರ್‌ವೆಲ್ ನೀರಿನ ಮೇಲೆ, ಮೊದಲ ಮದ್ದು ಹುರುಳಿಕಟ್ಟು. ಮೈತುಂಬ ಚುಕ್ಕೆಯ ಡಾಲ್ಮೇಷಿಯನ್ ತಳಿಯ ವಿಷಯದಲ್ಲಿ ಎರಡೂ ತಪ್ಪು. ಗಡಸು ನೀರಿನಲ್ಲಿರುವುದು ಕ್ಯಾಲ್ಸಿಯಂ, ಮೆಗ್ನೀಷಿಯಂ; ಈ ಕಲ್ಲು ಯೂರಿಕ್ ಆಮ್ಲದ್ದು.

ಬೇರೆ ನಾಯಿಗಳ ಯಕೃತ್ತು ಯೂರಿಕ್ ಆಮ್ಲವನ್ನು ಸಲೀಸಾಗಿ ಕರಗುವ ಅಲಂಟಾಯಿನ್ ಮಾಡಿ ಕಳಿಸುತ್ತದೆ. ಆ ಕೆಲಸದ ಕಿಣ್ವ ಡಾಲ್ಮೇಷಿಯನ್‌ಗೂ ಇದೆ. ಕೆಟ್ಟಿರುವುದು ಆಮ್ಲವನ್ನು ಜೀವಕೋಶದೊಳಗೆ ಬಿಟ್ಟುಕೊಳ್ಳುವ ಬಾಗಿಲು. ಎಸ್‌ಎಲ್‌ಸಿ2ಎ9 ಎಂಬ ಜೀನಿನ ಈ ದೋಷ ಪತ್ತೆಯಾದದ್ದು 2008ರಲ್ಲಿ. ಮೂತ್ರಪಿಂಡದಲ್ಲೂ ಇದೇ ಬಾಗಿಲು ಕೆಟ್ಟಿರುವುದರಿಂದ ಆಮ್ಲ ರಕ್ತಕ್ಕೆ ಮರಳದೆ ಮೂತ್ರಕ್ಕೆ ಹೋಗುತ್ತದೆ: ಬೇರೆ ನಾಯಿಯಲ್ಲಿ ದಿನಕ್ಕೆ 10–60 ಮಿ.ಗ್ರಾಂ, ಇದರಲ್ಲಿ 400–600. ಕಲ್ಲು ಎಲ್ಲಕ್ಕೂ ಆಗುವುದಿಲ್ಲ, ದೋಷ ಮಾತ್ರ ಶುದ್ಧ ತಳಿಯಲ್ಲಿ ತಪ್ಪುವುದಿಲ್ಲ. 1973ರಲ್ಲಿ ಅಮೆರಿಕದಲ್ಲಿ ಪಾಯಿಂಟರ್ ಎಂಬ ಬೇರೆ ತಳಿಯ ನಾಯಿಯ ಜೊತೆ ಒಮ್ಮೆ ಕೂಡಿಸಿ ಸರಿಯಾದ ಜೀನನ್ನು ತಂದರು. ಆ ಸಂತತಿಯನ್ನು ತಳಿಗಳನ್ನು ನೋಂದಾಯಿಸುವ ಅಲ್ಲಿನ ಕೆನಲ್ ಕ್ಲಬ್ ಒಪ್ಪಿದ್ದು 2011ರಲ್ಲಿ. ಚುಕ್ಕೆಯ ಅಂದದ ಮೇಲೆ ಅಷ್ಟು ವ್ಯಾಮೋಹ!

ಕಷ್ಟಪಡುವುದು ಹೆಚ್ಚಾಗಿ ಗಂಡು. ಅದರ ಶಿಶ್ನದಲ್ಲೊಂದು ಮೂಳೆಯಿದೆ, ಮೂತ್ರನಾಳ ಅದರ ತೋಡಿನಲ್ಲಿ ಹಾಯುತ್ತದೆ. ನಾಳ ಅಲ್ಲಿ ಹಿಗ್ಗಲಾರದು, ರಾಗಿಕಾಳಿನಂಥ ಕಲ್ಲುಗಳು ಮೂಳೆಯ ಹಿಂದೆಯೇ ಸಾಲುಗಟ್ಟುತ್ತವೆ. ಕಾಲೆತ್ತಿ ನಿಂತೇ ಇದೆ, ಬರುತ್ತಿರುವುದು ತೊಟ್ಟು ತೊಟ್ಟು ಎಂದರೆ ನಾಳೆ ನೋಡೋಣ ಎನ್ನಬೇಡಿ. ಪೂರ್ತಿ ಕಟ್ಟಿದರೆ ಪೊಟ್ಯಾಸಿಯಂ ಏರಿ ಹೃದಯವೇ ನಿಲ್ಲಬಹುದು. ಸಾದಾ ಎಕ್ಸ್‌ರೇಯಲ್ಲಿ ಈ ಕಲ್ಲು ಸಾಮಾನ್ಯವಾಗಿ ಕಾಣದು, ಸ್ಕ್ಯಾನಿಂಗ್ ಕೇಳಿ.

ಊಟದಲ್ಲಿ ಲಿವರ್, ಕಿಡ್ನಿ, ಒಣಮೀನು ಬೇಡ. ಪ್ಯೂರಿನ್ ತುಂಬಿದ ಇವೇ ಯೂರಿಕ್ ಆಮ್ಲವಾಗುವುದು. ಹುರುಳಿಯಲ್ಲೂ ಪ್ಯೂರಿನ್ ಉಂಟು. ಮುದ್ದೆಯನ್ನು ನೀರಲ್ಲಿ ಕಿವುಚಿ, ಬೇಯಿಸಿದ ಮೊಟ್ಟೆ, ಒಂದಿಷ್ಟು ಮೊಸರು ಸೇರಿಸಿ. ಉಪ್ಪು, ಈರುಳ್ಳಿ ಬೇಡ. ಇದನ್ನೇ ಪೂರ್ಣಾಹಾರ ಮಾಡುವ ಮುನ್ನ ವೈದ್ಯರನ್ನು ಕೇಳಿ. ಮಲಗುವ ಮುಂಚೆ ಒಮ್ಮೆ ಹೊರಗೆ ಬಿಡಿ, ರಾತ್ರಿಯಿಡೀ ಕಟ್ಟಿಕೊಂಡ ಮೂತ್ರ ಗಟ್ಟಿಯಾಗುತ್ತದೆ.

ಅಲೋಪ್ಯುರಿನಾಲ್ ಮಾತ್ರೆ ಯೂರಿಕ್ ಆಮ್ಲ ಆಗುವುದನ್ನೇ ತಡೆಯುತ್ತದೆ. ಆದರೆ ಮಾತ್ರೆಯೂ ಕೊಟ್ಟು ಭಾನುವಾರದ ಲಿವರನ್ನೂ ಹಾಕಿದರೆ ಅರ್ಧಕ್ಕೆ ನಿಂತ ಜಾಂತೀನ್ ಎಂಬುದೇ ಕಲ್ಲಾಗುತ್ತದೆ. ಅದನ್ನು ಕರಗಿಸುವ ಮದ್ದಿಲ್ಲ.